ಕನ್ನಡ ಕ್ರೈಸ್ತ ವಾಙ್ಮಯದಲ್ಲಿ ದೇವರ ನಿರ್ವಿಕಾರತ್ವ: ಒಂದು ಶಬ್ದವಿಮರ್ಶೆ

೧

ದೇವರು ಮಾರ್ಪಡತಕ್ಕವನಲ್ಲವೆಂಬುದು ಕ್ರೈಸ್ತಮತದ ಮೂಲತತ್ತ್ವಗಳಲ್ಲಿ ಒಂದು. ಈ ತತ್ತ್ವದ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ಮತಶಾಸ್ತ್ರಜ್ಞರಿಗೆ ಸೇರಿದ ಕಾರ್ಯವಾದುದರಿಂದ ಅದನ್ನು ಇಲ್ಲಿ ಕೈಕೊಂಡಿಲ್ಲ. ಬೇರೆ ನಾಡುಗಳಲ್ಲಿ, ಬೇರೆ ಭಾಷೆಗಳಲ್ಲಿ ಬೆಳೆದ ಈ ಭಾವನೆಯು ಕನ್ನಡಕ್ಕೆ ಬಂದಾಗ ಯಾವ ಯಾವ ಮಾತುಗಳನ್ನು ಆಶ್ರಯಿಸಿತು, ಆ ಮಾತುಗಳು ಅದಕ್ಕೆ ಎಷ್ಟರಮಟ್ಟಿಗೆ ಒಪ್ಪಿದುವು, ಒಪ್ಪದೆ ಇದ್ದಲ್ಲಿ ಓದುವವನಿಗೆ ಆದ ನಷ್ಟವೇನು ಎಂಬಿಷ್ಟನ್ನೇ ಪ್ರಕೃತ ಲೇಖನದಲ್ಲಿ ವಿಚಾರಮಾಡಲು ಉದ್ದೇಶಿಸಿದೆ.

ಈ ವಿಚಾರಕ್ಕೆ ತುಮಕೂರು ಜಿಲ್ಲೆಯ ಉತ್ತರಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ನಿದರ್ಶನಭೂಮಿಯಾಗಿ ಇಟ್ಟುಕೊಂಡಿದ್ದೇವೆ. ಇದಕ್ಕೆ ಮೂರು ಕಾರಣಗಳುಂಟು. ಮೊದಲನೆಯದು, ಇದು ಹೆಬ್ಬಂಡೆಗಳ ನಾಡು. ಹೀಬ್ರೂ ಭಕ್ತರು ದೇವರ ಸ್ಥೈರ್ಯವನ್ನು ಹೇಳುವಾಗ ಬಂಡೆಯನ್ನೇ ಉಪಮಾನವಾಗಿ ಹಿಡಿದರು. ಎರಡನೆಯದು, ಇದು ಮಳೆಯನ್ನು ಕಾಯುವ ನಾಡು. ಮಾರ್ಪಡದ ದೇವರನ್ನು ಮಳೆಗಾಗಿ ಬೇಡುವುದು ಹೇಗೆಂಬ ಶಂಕೆಯು ಇಲ್ಲಿ ಪುಸ್ತಕದ ಶಂಕೆಯಾಗಿ ಉಳಿಯುವುದಿಲ್ಲ. ಮೂರನೆಯದು, ಪಾವಗಡದ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಬೀದಿಯಲ್ಲಿ ಕೇಳಿಬರುವುದರಿಂದ ಎರಡು ಭಾಷೆಗಳ ಮಾತುಗಳನ್ನು ತೂಗಿನೋಡುವುದು ಸುಲಭವಾಗುತ್ತದೆ. ಶಿರಾ, ಕೊರಟಗೆರೆಗಳಿಗೆ ನೆರೆಯಾದ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದ ನಾಲ್ಕನೆಯ ದಶಕದಲ್ಲಿಯೇ ಕನ್ನಡದಲ್ಲಿ ಬೋಧಿಸಲು ತೊಡಗಿದ್ದರೆಂಬುದನ್ನೂ, ಅಲ್ಲಿ ಕೆಲಸಮಾಡಿದ ವಿಲಿಯಂ ಆರ್ಥರರು ಮೈಸೂರು ಸೀಮೆಯ ತಮ್ಮ ಅನುಭವಗಳನ್ನು ೧೮೪೭ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರೆಂಬುದನ್ನೂ ಇಲ್ಲಿ ಸ್ಮರಿಸಬಹುದು.

೨

ಕನ್ನಡ ಬೈಬಲಿನ ಚರಿತ್ರೆಯನ್ನು ವಿಸ್ತರಿಸುವುದಕ್ಕೆ ಇಲ್ಲಿ ಅವಕಾಶವಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸರು ೧೮೧೦ರಲ್ಲಿ ಬಳ್ಳಾರಿಯಲ್ಲಿ ನೆಲಸಿ ಭಾಷಾಂತರಕ್ಕೆ ಕೈಹಾಕಿದರು. ೧೮೩೧ರ ಸುಮಾರಿಗೆ ಸಮಗ್ರ ಗ್ರಂಥವು ಕನ್ನಡದಲ್ಲಿ ಸಿದ್ಧವಾಯಿತು. ಅವರಿಗೆ ನೆರವಾದ ವಿಲಿಯಂ ರೀವರೇ ೧೮೩೨ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದವರು. ಮುಂದೆ ಬಾಸೆಲ್ ಮಿಷನ್ನಿನ ವೈಗ್ಲೆ, ಬೆಂಗಳೂರಿನ ಬೆಂಜಮಿನ್ ರೈಸ್ ಮೊದಲಾದವರು ಅದನ್ನು ತಿದ್ದಿದರು. ಇಪ್ಪತ್ತನೆಯ ಶತಮಾನದಲ್ಲಿ ಮತ್ತೊಮ್ಮೆ ಪರಿಷ್ಕರಣವಾಯಿತು. ತರುವಾಯ ಬಳಕೆಯ ಮಾತಿಗೆ ಸಮೀಪವಾದ ಹೊಸ ಭಾಷಾಂತರವೂ ಬಂದಿತು. ಹಳೆಯ ಭಾಷಾಂತರದಲ್ಲಿ 'ದೇವರು' ಎಂಬ ಪದಕ್ಕೆ ಏಕವಚನದ ಕ್ರಿಯೆಯಿದ್ದರೆ, ಹೊಸದರಲ್ಲಿ ಗೌರವಾರ್ಥದ ಬಹುವಚನವಿದೆ. ಹೀಗೆ, ಮಾರ್ಪಡದವನನ್ನು ಕುರಿತ ಗ್ರಂಥವು ಎರಡು ನೂರು ವರ್ಷಗಳಲ್ಲಿ ಹಲವು ಸಲ ಮಾರ್ಪಟ್ಟಿದೆ. ಇದು ಹಾಸ್ಯದ ಮಾತಲ್ಲ. ವಾಡಿಕೆಯ ಮಾತು ತಪ್ಪಿದರೆ ನಂಬಿಕೆಯೇ ತಪ್ಪಿತೆಂದು ಮರುಗುವ ವೃದ್ಧರು ಎಲ್ಲ ಮತಗಳಲ್ಲಿಯೂ ಉಂಟು. ಆದಕಾರಣ ತತ್ತ್ವವು ಯಾವುದು, ಅದರ ಉಡುಪು ಯಾವುದು ಎಂದು ಬೇರ್ಪಡಿಸಿ ತೋರಿಸುವುದು ವಿಮರ್ಶಕನ ಮೊದಲ ಕರ್ತವ್ಯವಾಗುತ್ತದೆ.

ಮೇಲೆ ಹೇಳಿದ ಬೆಂಜಮಿನ್ ರೈಸರ ಮಗನೇ ಎಪಿಗ್ರಾಫಿಯಾ ಕರ್ನಾಟಿಕವನ್ನು ಸಂಪಾದಿಸಿದ ಬಿ. ಎಲ್. ರೈಸರು. ತಂದೆಯು ವೇದವಾಕ್ಯವನ್ನು ತಿದ್ದಿದರು. ಮಗನು ಕಲ್ಲಿನ ವಾಕ್ಯವನ್ನು ಓದಿದರು. ಈ ಎರಡು ಕೆಲಸಗಳಿಗೂ ನಮ್ಮ ವಿಷಯಕ್ಕೂ ಇರುವ ಸಂಬಂಧವು ಮುಂದೆ ಸ್ಫುಟವಾಗುವುದು.

೩

ದೇವರ ಅವಿಕಾರತ್ವವೆಂಬ ಕ್ರೈಸ್ತಭಾವನೆಯು ಎರಡು ಹೊಳೆಗಳು ಕೂಡಿ ಆದದ್ದು. ಮೊದಲನೆಯದು ಹೀಬ್ರೂ ಹೊಳೆ. ಅಲ್ಲಿ ದೇವರು ಮಾರ್ಪಡುವುದಿಲ್ಲವೆಂದರೆ ಆತನು ಆಡಿದ ಮಾತಿಗೆ ತಪ್ಪುವುದಿಲ್ಲವೆಂದರ್ಥ. ಮಲಾಕಿಯ ಪ್ರವಾದಿಯ ಮೂರನೆಯ ಅಧ್ಯಾಯದಲ್ಲಿ ಈ ಮಾತು ಬರುವ ಸಂದರ್ಭವನ್ನು ನೋಡಬೇಕು. ಜನರು ತಪ್ಪಿ ನಡೆದಿದ್ದಾರೆ, ಆದರೂ ನಾಶವಾಗಿಲ್ಲ, ಕಾರಣವೇನೆಂದರೆ ದೇವರು ಮಾರ್ಪಡಲಿಲ್ಲ. ಇಲ್ಲಿ ಅವಿಕಾರತ್ವವು ದೇವರ ಲಕ್ಷಣವನ್ನು ನಿರೂಪಿಸುವ ಸೂತ್ರವಾಗಿ ಬಂದಿಲ್ಲ. ಜನರು ಬದುಕಿ ಉಳಿದದ್ದಕ್ಕೆ ಹೇತುವಾಗಿ ಬಂದಿದೆ.

ಎರಡನೆಯದು ಗ್ರೀಕ್ ಹೊಳೆ. ಮಾರ್ಪಡುವುದೆಲ್ಲವೂ ಒಂದು ಕೊರತೆಯಿಂದ ಪೂರ್ಣತೆಗೆ, ಇಲ್ಲವೆ ಪೂರ್ಣತೆಯಿಂದ ಕೊರತೆಗೆ ಸರಿಯತಕ್ಕದ್ದು. ಪೂರ್ಣನಾದ ದೇವರಿಗೆ ಎರಡೂ ಸಲ್ಲವು. ಆದ್ದರಿಂದ ಆತನು ಅವಿಕಾರಿ ಎಂಬುದು ಅಲ್ಲಿನ ತರ್ಕ. ಅಲೆಕ್ಸಾಂಡ್ರಿಯದ ಯೆಹೂದ್ಯ ಪಂಡಿತನಾದ ಫೈಲೋ ಎಂಬಾತನು ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಈ ವಿಷಯವನ್ನೇ ಕುರಿತು ಒಂದು ಪ್ರಬಂಧವನ್ನು ರಚಿಸಿದನು. ಕ್ರಿ. ಶ. ೩೨೫ರ ನೈಸಿಯದ ಮಹಾಸಭೆಯು ದೇವಪುತ್ರನನ್ನು ವಿಕಾರಿಯೆನ್ನುವವರನ್ನು ಬಹಿಷ್ಕರಿಸಿತು. ೪೫೧ರ ಕಾಲ್ಸಿಡನ್ ಸಭೆಯು ಕ್ರಿಸ್ತನಲ್ಲಿ ದೈವ, ಮಾನುಷ ಎಂಬ ಎರಡು ಸ್ವಭಾವಗಳು ಕೂಡಿರುವ ರೀತಿಯನ್ನು ನಾಲ್ಕು ಕ್ರಿಯಾವಿಶೇಷಣಗಳಿಂದ ನಿರ್ದೇಶಿಸಿದಾಗ ಅವುಗಳಲ್ಲಿ ಒಂದು 'ವಿಕಾರವಿಲ್ಲದೆ' ಎಂಬುದಾಗಿತ್ತು. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವೈನಸನು ತನ್ನ ಮಹಾಗ್ರಂಥದ ಪ್ರಥಮಭಾಗದ ಒಂಬತ್ತನೆಯ ಪ್ರಶ್ನೆಯನ್ನು ಇದಕ್ಕಾಗಿಯೇ ಮೀಸಲಿಟ್ಟನು.

ಈ ಎರಡು ಹೊಳೆಗಳ ಸಂಗಮದಲ್ಲಿ ಏನೋ ಒಂದು ಕಳೆದುಹೋಯಿತೆಂಬುದಕ್ಕೆ ಒಂದು ಸಣ್ಣ ಸಾಕ್ಷ್ಯವುಂಟು. ಧರ್ಮೋಪದೇಶಕಾಂಡದ ಮೂವತ್ತೆರಡನೆಯ ಅಧ್ಯಾಯದ ಗೀತದಲ್ಲಿ ಹೀಬ್ರೂ ಕವಿಯು ದೇವರನ್ನು 'ತ್ಸೂರ್', ಎಂದರೆ ಬಂಡೆ, ಎಂದು ಕರೆದಿದ್ದಾನೆ. ಪ್ರಾಚೀನ ಗ್ರೀಕ್ ಭಾಷಾಂತರಕಾರರು ಆ ಸ್ಥಳದಲ್ಲಿ ಬಂಡೆಯನ್ನು ಬಿಟ್ಟು 'ದೇವರು' ಎಂದಷ್ಟೇ ಬರೆದರು. ದೇವರನ್ನು ಕಲ್ಲೆನ್ನುವುದು ಅವರಿಗೆ ಅನುಚಿತವೆಂದು ತೋರಿರಬಹುದು. ಕಲ್ಲನ್ನು ತೆಗೆದಲ್ಲಿ ತತ್ತ್ವವು ನಿಂತಿತು. ಆದರೆ ಆ ಕಲ್ಲಿನ ಮರೆಯಲ್ಲಿ ಅಡಗಿ ಪ್ರಾಣವನ್ನುಳಿಸಿಕೊಂಡವನು ಕಾಣದಾದನು.

೪

ಈಗ ಕನ್ನಡದ ಮಾತುಗಳನ್ನು ನೋಡೋಣ. ಕನ್ನಡ ಕ್ರೈಸ್ತ ಲೇಖಕರಿಗೆ ಈ ವಿಷಯದಲ್ಲಿ ದೊರೆಯುವ ಸಾಮಗ್ರಿಯು ಎರಡು ಬಗೆಯದು: ಸಂಸ್ಕೃತದಿಂದ ಬಂದ 'ನಿರ್ವಿಕಾರ', 'ಕೂಟಸ್ಥ', 'ಅವ್ಯಯ', 'ಅಚಲ', 'ನಿತ್ಯ' ಮೊದಲಾದವು, ದೇಶ್ಯವಾದ 'ಮಾರ್ಪಡದ', 'ಕದಲದ', 'ಅಲುಗದ', 'ನುಡಿತಪ್ಪದ' ಮೊದಲಾದವು. ತತ್ತ್ವವನ್ನು ಶಾಸ್ತ್ರರೀತಿಯಲ್ಲಿ ನಿರೂಪಿಸಬೇಕಾದಾಗ ಲೇಖನಿಯು ಮೊದಲನೆಯ ಬಗೆಯ ಕಡೆಗೆ ತಾನಾಗಿ ಹೊರಳುವುದು ಸಹಜ. ಏಕೆಂದರೆ ಆ ಮಾತುಗಳಿಗೆ ಗಾಂಭೀರ್ಯವುಂಟು, ಶಾಸ್ತ್ರಸಮ್ಮತಿಯುಂಟು. ಆದರೆ ಪ್ರತಿಯೊಂದು ಶಾಸ್ತ್ರಪದವೂ ತನ್ನ ಹಿಂದೆ ಒಂದು ಸಿದ್ಧಾಂತವನ್ನು ಎಳೆದುಕೊಂಡು ಬರುವುದೆಂಬುದನ್ನು ಮರೆಯಲಾಗದು.

'ನಿರ್ವಿಕಾರ' ಎಂಬುದನ್ನು ಮೊದಲು ಪರೀಕ್ಷಿಸೋಣ. ಯಾಸ್ಕನ ನಿರುಕ್ತದಲ್ಲಿ ವಾರ್ಷ್ಯಾಯಣಿಯ ಮತವಾಗಿ ಹೇಳಿರುವ ಆರು ಭಾವವಿಕಾರಗಳು ಪ್ರಸಿದ್ಧವಾಗಿವೆ: ಹುಟ್ಟುವುದು, ಇರುವುದು, ಪರಿಣಮಿಸುವುದು, ಬೆಳೆಯುವುದು, ಕ್ಷಯಿಸುವುದು, ನಾಶವಾಗುವುದು. ಇವುಗಳಲ್ಲಿ 'ಇರುವುದು' ಕೂಡ ಒಂದು ವಿಕಾರವೆಂಬುದನ್ನು ವಾಚಕರು ಗಮನಿಸಬೇಕು. ಹೀಬ್ರೂ ಗ್ರಂಥದಲ್ಲಾದರೋ, ವಿಮೋಚನಕಾಂಡದ ಮೂರನೆಯ ಅಧ್ಯಾಯದಲ್ಲಿ, ದೇವರು ತನ್ನ ಹೆಸರನ್ನು ತಿಳಿಸುವಾಗ 'ಇರು' ಎಂಬ ಅರ್ಥದ ಧಾತುವಿನಿಂದಲೇ ತಿಳಿಸುತ್ತಾನೆ. ಒಂದು ಕಡೆ ಇರವೇ ವಿಕಾರಗಳ ಪಟ್ಟಿಯಲ್ಲಿದೆ. ಇನ್ನೊಂದು ಕಡೆ ಇರವೇ ದೇವರ ಹೆಸರಾಗಿದೆ. ಒಂದೇ ಪದದಿಂದ ಎರಡನ್ನೂ ಹೇಳಹೊರಟರೆ ಒಂದಕ್ಕೆ ಅನ್ಯಾಯವಾಗದೆ ಹೋಗದು.

'ಕೂಟಸ್ಥ' ಎಂಬ ಪದವು ಇನ್ನೂ ತೂಕವಾದದ್ದು. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಸಮನ್ವಯಾಧಿಕರಣದಲ್ಲಿ ನಿತ್ಯವನ್ನು ಪರಿಣಾಮಿನಿತ್ಯವೆಂದೂ ಕೂಟಸ್ಥನಿತ್ಯವೆಂದೂ ವಿಭಾಗಿಸಿದ್ದಾರೆ. ವಿಕಾರಹೊಂದುತ್ತಿದ್ದರೂ ಅದೇ ಇದು ಎಂದು ಗುರುತಿಸಬಹುದಾದದ್ದು ಮೊದಲನೆಯದು. ಆಕಾಶದಂತೆ ವ್ಯಾಪಿಸಿ ಯಾವ ಕ್ರಿಯೆಯೂ ಇಲ್ಲದಿರುವುದು ಎರಡನೆಯದು. ಈ ಸೂಕ್ಷ್ಮವಾದ ವಿಭಾಗವು ಅಕ್ವೈನಸನ ತರ್ಕಕ್ಕೆ ಬಹಳ ಸಮೀಪವಾಗಿದೆ. ಹಾಗೆಂದೇ ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು (೧೮೬೧–೧೯೦೭) ಅಕ್ವೈನಸನ ದೇವರನ್ನು ವೇದಾಂತದ ಪರಬ್ರಹ್ಮಶಬ್ದಗಳಿಂದ ನಿರೂಪಿಸಲು ಯತ್ನಿಸಿ, ೧೮೯೮ರಲ್ಲಿ ತ್ರ್ಯೇಕದೇವರನ್ನು ಸಚ್ಚಿದಾನಂದನೆಂದು ಸ್ತುತಿಸುವ ಸಂಸ್ಕೃತಗೀತವನ್ನು ರಚಿಸಿದರು. ಅವರ ಯತ್ನವು ಶ್ಲಾಘ್ಯವಾದುದೇ. ಆದರೆ ಆಕಾಶದಂತಿರುವುದು ಒಡಂಬಡಿಕೆಯನ್ನು ಮಾಡಿಕೊಳ್ಳುವುದಿಲ್ಲ. ಹೀಬ್ರೂ ಗ್ರಂಥದ ದೇವರು ಮಾಡಿಕೊಳ್ಳುತ್ತಾನೆ. ಭೇದವು ಇಲ್ಲಿದೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ನಿರ್ವಿಕಾರವೆಂಬುದು ಅದ್ವೈತಿಗಳ ಸೊತ್ತಲ್ಲವಷ್ಟೆ. ರಾಮಾನುಜರೂ ಮಧ್ವರೂ ನಾರಾಯಣನ ಸ್ವರೂಪವನ್ನು ನಿರ್ವಿಕಾರವೆಂದೇ ಒಪ್ಪಿ, ಆತನ ಪ್ರಸಾದವನ್ನೂ ಕಾರುಣ್ಯವನ್ನೂ ಪೂರ್ಣವಾಗಿ ಸಾಧಿಸಿಲ್ಲವೆ, ಎಂದು ಕೇಳಬಹುದು. ಈ ಆಕ್ಷೇಪವು ನ್ಯಾಯವಾದುದು. ಶಬ್ದವು ಸರ್ವಥಾ ತ್ಯಾಜ್ಯವೆಂದು ನಾವು ಹೇಳುವುದಿಲ್ಲ. ಆದರೆ ವೈಷ್ಣವದರ್ಶನಗಳಲ್ಲಿ ಆ ಶಬ್ದದ ಸುತ್ತಲೂ ಗುಣಪೂರ್ಣತ್ವದ ಒಂದು ದೊಡ್ಡ ಶಾಸ್ತ್ರವು ಕಾವಲಾಗಿ ನಿಂತಿದೆ. ಕನ್ನಡ ಕ್ರೈಸ್ತ ಗದ್ಯದಲ್ಲಿ ಅಂಥ ಕಾವಲಿಲ್ಲದೆ ಅದು ಒಂಟಿಯಾಗಿ ಬಂದಾಗ, ಓದುವವನು ತಾನು ಬಲ್ಲ ಅರ್ಥವನ್ನೇ ಅದರಲ್ಲಿ ತುಂಬಿಕೊಳ್ಳುತ್ತಾನೆ. ಅಲ್ಲದೆ ಆಡುಮಾತಿನಲ್ಲಿ 'ವಿಕಾರ'ವೆಂದರೆ ಕುರೂಪವೆಂಬ ಅರ್ಥವೇ ಬಲವಾಗಿದೆ. ಮಧುಗಿರಿಯ ಸಂತೆಯಲ್ಲಿ ಒಬ್ಬನ ಮೋರೆಯು ವಿಕಾರವಾಗಿದೆಯೆಂದರೆ ಅದು ಪರಿಣಾಮವಾದದ ಮಾತೆಂದು ಯಾರೂ ತಿಳಿಯರು.

ದೇಶ್ಯಪದಗಳಲ್ಲಿ 'ಮಾರ್ಪಡು' ಎಂಬುದು ಮುಖ್ಯವಾದುದು. 'ಮಾಱ್' ಎಂಬುದಕ್ಕೆ ಎದುರು, ಬೇರೆ ಎಂಬ ಅರ್ಥಗಳುಂಟು. ಮಾರ್ದನಿ, ಮಾರ್ನುಡಿ, ಮಾರ್ಬಲ ಎಂಬಲ್ಲಿ ಅದನ್ನು ಕಾಣಬಹುದು. ತಮಿಳಿನಲ್ಲಿ 'ಮಾಱು' ಎಂದರೆ ಬದಲಾಗು. ಕನ್ನಡದಲ್ಲಿ ಅದೇ ಧಾತುವು ವಿನಿಮಯದ ಅರ್ಥದ ಮೂಲಕ ಕ್ರಯಕ್ಕೆ ಕೊಡುವುದೆಂಬ ಅರ್ಥದಲ್ಲಿ ನಿಂತಿದೆ. ತೆಲುಗಿನಲ್ಲಿ 'ಮಾರ್ಪು' ಎಂಬ ನಾಮಪದವು ದಿನಬಳಕೆಯ ಮಾತು. ಆದ್ದರಿಂದ ಪಾವಗಡದ ಓದುಗನಿಗೆ ಕನ್ನಡದ 'ಮಾರ್ಪಡು', ತೆಲುಗಿನ 'ಮಾರ್ಪು' ಇವೆರಡೂ ಒಂದೇ ತೊಟ್ಟಿಲಿನ ಮಾತುಗಳಾಗಿ ಕೇಳಿಸುತ್ತವೆ. 'ನಿರ್ವಿಕಾರ'ವು ಎರಡು ಮನೆಗಳಿಗೂ ಹೊರಗಿನಿಂದ ಬಂದ ಅತಿಥಿಯಂತೆ ಕೇಳಿಸುತ್ತದೆ. 'ಮಾರ್ಪಡದ' ಎಂದರೆ ನಿನ್ನೆ ಒಲಿದವನು ಇಂದು ಎದುರಾಗದಿರುವುದು ಎಂಬ ಧ್ವನಿಯೂ ಮೂಲಾರ್ಥಬಲದಿಂದ ಹೊರಡುತ್ತದೆ. ಹೀಬ್ರೂ ಭಾವಕ್ಕೆ ಇದಕ್ಕಿಂತ ಹತ್ತಿರವಾದ ಕನ್ನಡವು ದೊರಕುವುದು ಕಷ್ಟ. ಇಬ್ರಿಯರಿಗೆ ಬರೆದ ಪತ್ರಿಕೆಯ ಕೊನೆಯ ಅಧ್ಯಾಯದಲ್ಲಿ ಕ್ರಿಸ್ತನ ಏಕರೂಪತೆಯನ್ನು ಹೇಳುವ ಪ್ರಸಿದ್ಧವಾದ ವಾಕ್ಯದಲ್ಲಿ ಮೂಲಕಾರನು ಯಾವ ತತ್ತ್ವಪದವನ್ನೂ ಇಡದೆ ನಿನ್ನೆ, ಇಂದು, ಎಂದೆಂದು ಎಂಬ ಕಾಲವಾಚಕಗಳಿಂದಲೇ ಕೆಲಸವನ್ನು ಸಾಧಿಸಿದ್ದಾನೆ. ಕನ್ನಡ ಭಾಷಾಂತರಕಾರರು ಅಲ್ಲಿ ಅದೇ ಸರಳತೆಯನ್ನು ಉಳಿಸಿಕೊಂಡದ್ದು ಅವರ ವಿವೇಕಕ್ಕೆ ಸಾಕ್ಷಿಯಾಗಿದೆ.

೫

ಭಾಷಾಂತರಕಾರರಿಗೆ ನಿಜವಾದ ಅಗ್ನಿಪರೀಕ್ಷೆಯಾದ ಸ್ಥಳವು ಸಮುವೇಲನ ಮೊದಲನೆಯ ಗ್ರಂಥದ ಹದಿನೈದನೆಯ ಅಧ್ಯಾಯ. ಸೌಲನನ್ನು ಅರಸನನ್ನಾಗಿ ಮಾಡಿದ್ದಕ್ಕಾಗಿ ದೇವರು ನೊಂದನೆಂದು ಹನ್ನೊಂದನೆಯ ವಚನದಲ್ಲಿಯೂ, ಹಾಗೆ ಮನವನ್ನು ತಿರುಗಿಸಿಕೊಳ್ಳುವುದಕ್ಕೆ ದೇವರು ಮನುಷ್ಯನಲ್ಲವೆಂದು ಇಪ್ಪತ್ತೊಂಬತ್ತನೆಯ ವಚನದಲ್ಲಿಯೂ, ಮತ್ತೆ ಆತನು ನೊಂದನೆಂದು ಮೂವತ್ತೈದನೆಯ ವಚನದಲ್ಲಿಯೂ ಹೇಳಿದೆ. ಮೂರು ಕಡೆಯೂ ಹೀಬ್ರೂ ಧಾತುವು ಒಂದೇ: 'ನಾಹಂ'. ಈ ಧಾತುವಿಗೆ ದುಃಖಪಡು, ಮನಕರಗು, ಮನವನ್ನು ತಿರುಗಿಸಿಕೊಳ್ಳು ಎಂಬ ಅರ್ಥಗಳುಂಟು. ರೂಪಾಂತರದಲ್ಲಿ ಸಂತೈಸು ಎಂಬ ಅರ್ಥವೂ ಉಂಟು. ಜಲಪ್ರಳಯದ ಮುನ್ನ ಆದಿಕಾಂಡದ ಆರನೆಯ ಅಧ್ಯಾಯದಲ್ಲಿ ಬರುವ ಮಾತೂ ಇದೇ.

ಕನ್ನಡದ ಹಳೆಯ ಭಾಷಾಂತರದಲ್ಲಿ ಇದಕ್ಕೆ 'ಪಶ್ಚಾತ್ತಾಪ'ವೆಂಬ ಪದವನ್ನು ಬಳಸಿದೆ. ಇದೇ ಪದವು ಕನ್ನಡ ಕ್ರೈಸ್ತರಲ್ಲಿ, 'ಮಾನಸಾಂತರ'ವೆಂಬುದರೊಡನೆ, ಪಾಪಿಯು ತನ್ನ ಪಾಪಕ್ಕಾಗಿ ಬೇಯುವುದನ್ನು ಹೇಳುವ ಮಾತಾಗಿಯೂ ರೂಢಿಯಲ್ಲಿದೆ. ಪರಿಣಾಮವೇನೆಂದರೆ, ದೇವರು ಯಾವುದೋ ತಪ್ಪನ್ನು ಮಾಡಿ ಹಿಂದಿನಿಂದ ಬೆಂದನೆಂಬ ಭಾವವು ಸರಳನಾದ ಓದುಗನ ಮನಸ್ಸಿನಲ್ಲಿ ಮೂಡುತ್ತದೆ. ಮೂಲದಲ್ಲಿ ನೋವಿದೆ, ತಪ್ಪಿನ ಸೂಚನೆಯಿಲ್ಲ. ಇದು ದೋಷವೆಂದೇ ಹೇಳಬೇಕಾಗಿದೆ.

ಆದರೆ ಗುಣವನ್ನೂ ಹೇಳದೆ ಬಿಡಲಾಗದು. ಹನ್ನೊಂದನೆಯ ವಚನದಲ್ಲಿ 'ಮರುಗಿದನು' ಎಂದೂ, ಇಪ್ಪತ್ತೊಂಬತ್ತರಲ್ಲಿ 'ನುಡಿತಪ್ಪನು' ಎಂದೂ ಬೇರೆ ಬೇರೆ ಮಾತುಗಳನ್ನಿಟ್ಟಿದ್ದರೆ ಓದು ಸುಗಮವಾಗುತ್ತಿತ್ತು, ವಿರೋಧವೂ ಕಣ್ಮರೆಯಾಗುತ್ತಿತ್ತು. ಆದರೆ ಮೂಲಕಾರನು ಆ ವಿರೋಧವನ್ನು ಅರಿತೇ ಇಟ್ಟಿದ್ದಾನೆ. ಇಪ್ಪತ್ತು ಮೂವತ್ತು ವಚನಗಳ ಅಂತರದಲ್ಲಿ ಒಂದೇ ಧಾತುವನ್ನು ಮೂರು ಕಡೆ ಬಳಸಿದವನು ಮರೆತು ಬಳಸಿದನೆನ್ನುವುದು ಸಲ್ಲದು. ನಮ್ಮ ಹಳೆಯ ಭಾಷಾಂತರಕಾರರು ಒಂದೇ ಪದವನ್ನು ಹಿಡಿದು, ಗಂಟನ್ನು ಬಿಚ್ಚದೆ, ಇದ್ದಂತೆಯೇ ಓದುಗನ ಕೈಗೆ ಕೊಟ್ಟರು. ಪದವನ್ನು ಆರಿಸುವುದರಲ್ಲಿ ಎಡವಿದರೂ ಮೂಲನಿಷ್ಠೆಯಲ್ಲಿ ಎಡವಲಿಲ್ಲ. 'ಮನ ತಿರುಗು' ಎಂಬ ದೇಶ್ಯಪ್ರಯೋಗವನ್ನು ಮೂರು ಕಡೆಯೂ ಇಟ್ಟಿದ್ದರೆ ತಪ್ಪಿನ ಸೂಚನೆಯು ತಪ್ಪುತ್ತಿತ್ತು. ಆದರೆ ಮೂಲದ ನೋವು ಸ್ವಲ್ಪ ತೆಳುವಾಗುತ್ತಿತ್ತು. ಎರಡನ್ನೂ ಉಳಿಸುವ ಒಂದೇ ಮಾತು ನಮಗೂ ಹೊಳೆದಿಲ್ಲ.

೬

ಇನ್ನು ಬಂಡೆಯ ಮಾತಿಗೆ ಬರೋಣ. ಮಧುಗಿರಿಯ ಬೆಟ್ಟವು ಸಮುದ್ರಮಟ್ಟಕ್ಕೆ ಸುಮಾರು ೩,೯೩೦ ಅಡಿಗಳ ಎತ್ತರದ ಏಕಶಿಲೆ. ಅದರ ಮೈಮೇಲೆಯೇ ಕೋಟೆಯನ್ನು ಕಟ್ಟಿದ್ದಾರೆ. ಅದನ್ನು ಕೆಳಗಿನಿಂದ ನೋಡುವವನಿಗೆ ಅಚಲತೆಯ ಕಲ್ಪನೆಯುಂಟಾಗುತ್ತದೆ. ಆದರೆ ದಂಡು ಬಂದಾಗ ಅದನ್ನು ಏರಿದವನಿಗೆ ಆಶ್ರಯದ ಕಲ್ಪನೆಯುಂಟಾಗುತ್ತದೆ. ಹೀಬ್ರೂ ಕೀರ್ತನೆಗಳಲ್ಲಿ ಬಂಡೆಯೂ ಕೋಟೆಯೂ ಒಟ್ಟೊಟ್ಟಿಗೆ ಬರುವುದಕ್ಕೆ ಇದೇ ಕಾರಣ. ಬಂಡೆಗೆ ನೋವಿಲ್ಲವೆಂಬುದು ಅಲ್ಲಿ ಹೇಳಬೇಕಾದ ಮಾತಲ್ಲ. ಕಾಲಿಟ್ಟಾಗ ಕುಸಿಯುವುದಿಲ್ಲವೆಂಬುದೇ ಹೇಳಬೇಕಾದ ಮಾತು. 'ಅಚಲ' ಎಂಬ ಶಬ್ದವು ನೋಡುವವನ ದೃಷ್ಟಿಯಿಂದ ಹುಟ್ಟಿದ್ದು. 'ಕುಸಿಯದ' ಎಂಬುದು ಏರುವವನ ದೃಷ್ಟಿಯಿಂದ ಹುಟ್ಟಿದ್ದು. ಸ್ಥಾವರಕ್ಕಿಂತ ಜಂಗಮವೇ ಮೇಲೆಂದು ಹನ್ನೆರಡನೆಯ ಶತಮಾನದಲ್ಲಿಯೇ ವಚನಕಾರರಿಂದ ಕೇಳಿದ ಕನ್ನಡಿಗನಿಗೆ, ಚಲಿಸದಿರುವುದೊಂದೇ ಶ್ರೇಷ್ಠತೆಯೆಂದು ತೋರಲಾರದೆಂಬುದನ್ನೂ ನೆನೆಯಬೇಕು.

ಕಲ್ಲಿನ ಶಾಶ್ವತತೆಯ ವಿಷಯದಲ್ಲಿ ಈ ಸೀಮೆಗೆ ಇನ್ನೊಂದು ಅನುಭವವೂ ಉಂಟು. ಬಿ. ಎಲ್. ರೈಸರು ೧೯೦೪ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕ'ದ ಹನ್ನೆರಡನೆಯ ಸಂಪುಟದಲ್ಲಿ ಶಿರಾ, ಪಾವಗಡ, ಮತ್ತು ಆಗ ಮದ್ದಗಿರಿಯೆನಿಸಿದ್ದ ಮಧುಗಿರಿಯ ಶಾಸನಗಳು ಸೇರಿವೆ. ದಾನವನ್ನು ಕೊಟ್ಟವನು ಆ ದಾನವು ಚಂದ್ರಸೂರ್ಯರಿರುವ ತನಕ ನಡೆಯಲೆಂದು ಕಲ್ಲಿನಲ್ಲಿ ಬರೆಯಿಸುವುದು ಕನ್ನಡ ಶಾಸನಗಳ ಸಂಪ್ರದಾಯ; 'ಆಚಂದ್ರಾರ್ಕ'ವೆಂಬ ಮಾತು ನಮ್ಮವರ ಶಾಶ್ವತಕಲ್ಪನೆಯ ಅಚ್ಚು. ಎಂಬತ್ತೊಂಬತ್ತನೆಯ ಕೀರ್ತನೆಯಲ್ಲಿ ಹೀಬ್ರೂ ಕವಿಯು ದಾವೀದನ ವಂಶಕ್ಕೆ ದೇವರು ಕೊಟ್ಟ ಭಾಷೆಯನ್ನು ಹೇಳುವಾಗ ಬಳಸಿದ ಅಳತೆಗೋಲೂ ಸೂರ್ಯಚಂದ್ರರೇ. ಎರಡು ಸಂಸ್ಕೃತಿಗಳಲ್ಲಿಯೂ ಶಾಶ್ವತವಾಗಿರಬೇಕೆಂದು ಬಯಸಿದ್ದು ಒಂದು ವಸ್ತುವಿನ ಸ್ವರೂಪವನ್ನಲ್ಲ, ಕೊಟ್ಟ ಮಾತನ್ನು.

ಆದರೆ ಕಲ್ಲಿನ ಮಾತಿಗೆ ಆದ ಗತಿಯನ್ನು ಶಿರೆಯ ಜನರು ಬಲ್ಲರು. ಬಿಜಾಪುರದವರ ಕೈಯಿಂದ ೧೬೮೭ರಲ್ಲಿ ಮೊಗಲರ ಸುಬಾದ ಕೇಂದ್ರವಾದ ಆ ಪಟ್ಟಣವು ೧೭೫೭ರಲ್ಲಿ ಮರಾಠರ ವಶವಾಗಿ, ೧೭೬೧ರಲ್ಲಿ ಹೈದರನ ಕೈಸೇರಿತು. ಒಂದೊಂದು ದಂಡು ಬಂದಾಗಲೂ ಹಿಂದಿನವನ ಸನ್ನದಿಗೆ ಬೆಲೆಯುಂಟೇ ಎಂಬ ಪ್ರಶ್ನೆಯು ರೈತನ ಮುಂದೆ ನಿಂತಿತು. ಸೂರ್ಯಚಂದ್ರರು ಇದ್ದರು, ಮಾತು ಇರಲಿಲ್ಲ. ಕೊಟ್ಟ ಮಾತು ತಪ್ಪುವ ಲೋಕದಲ್ಲಿ ತಪ್ಪದವನೊಬ್ಬನಿದ್ದಾನೆಂಬ ನಂಬಿಕೆಯ ಬೆಲೆಯು ಇಂಥ ಸ್ಥಳದಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ನೂರೆರಡನೆಯ ಕೀರ್ತನೆಯ ಕವಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆಕಾಶವೇ ಹಳೆಯ ಬಟ್ಟೆಯಂತೆ ಜೀರ್ಣವಾದರೂ ದೇವರು ಉಳಿಯುವನೆಂದು ಭಾವಿಸಿದ್ದಾನೆ. ಜೀರ್ಣವಸ್ತ್ರದ ಉಪಮೆಯು ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿಯೂ ಇದೆ. ಅಲ್ಲಿ ವಸ್ತ್ರವನ್ನು ಬದಲಿಸುವವನು ದೇಹಿ. ಇಲ್ಲಿ ವಸ್ತ್ರವು ಜಗತ್ತೇ, ಬದಲಿಸುವವನು ದೇವರು. ಅಲ್ಲಿಯದು ಸಾವಿಗೆ ಅಂಜುವವನಿಗೆ ಹೇಳಿದ ಸಮಾಧಾನ. ಇಲ್ಲಿಯದು ತನ್ನ ದಿನಗಳು ಹೊಗೆಯಂತೆ ಕಳೆದುಹೋಗುತ್ತಿವೆಯೆಂದು ಮೊರೆಯಿಡುವವನು ತನಗೆ ತಾನೇ ಹೇಳಿಕೊಂಡ ಸಮಾಧಾನ.

ಯಾಕೋಬನ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ದೇವರನ್ನು ಜ್ಯೋತಿಗಳ ತಂದೆಯೆಂದು ಕರೆದು, ಜ್ಯೋತಿಗಳಿಗಿರುವ ಗತಿಭೇದವೂ ನೆರಳಿನ ಹೊರಳಿಕೆಯೂ ಆತನಿಗಿಲ್ಲವೆಂಬ ಭಾವವನ್ನು ಖಗೋಳದ ಮಾತುಗಳಿಂದ ಸೂಚಿಸಿದೆ. ಶನೈಶ್ಚರನ ಕ್ಷೇತ್ರವಾಗಿ ಪ್ರಸಿದ್ಧವಾದ ಪಾವಗಡದಲ್ಲಿ ಈ ವಾಕ್ಯದ ತಿರುಳು ಬೇಗ ತಿಳಿಯುತ್ತದೆ. ಗ್ರಹವು ರಾಶಿಯಿಂದ ರಾಶಿಗೆ ಸರಿಯುತ್ತದೆ. ಅದರ ದೃಷ್ಟಿಯು ಬಾಳಿನ ಮೇಲೆ ಬಿದ್ದು ಮತ್ತೆ ತೊಲಗುತ್ತದೆ. ಅದಕ್ಕೆ ತಕ್ಕಂತೆ ಶಾಂತಿಯನ್ನು ಮಾಡಿಸುತ್ತಾರೆ. ಯಾಕೋಬನ ವಾಚಕರಲ್ಲಿಯೂ ಗ್ರಹಗತಿಗೆ ಅಂಜುವವರಿದ್ದಿರಬಹುದು. ಸರಿಯುವ ಬೆಳಕುಗಳನ್ನು ಉಂಟುಮಾಡಿದವನಿಗೆ ಸರಿಯುವಿಕೆಯಿಲ್ಲವೆಂದು ಅವನು ಧೈರ್ಯ ಹೇಳಿದ್ದಾನೆ.

೭

ಕನ್ನಡದ ವ್ಯಾಕರಣವೇ ಈ ತತ್ತ್ವಕ್ಕೆ ಒದಗಿಸುವ ಒಂದು ಸೌಕರ್ಯವನ್ನು ಭಾಷಾಂತರಕಾರರು ಬಿಟ್ಟುಕೊಟ್ಟಂತೆ ತೋರುತ್ತದೆ. ಯೋಹಾನನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ವಾಕ್ಯವು ದೇಹವಾಯಿತೆಂಬ ಅರ್ಥದ ಮಾತಿದೆ. ಗ್ರೀಕಿನ ಕ್ರಿಯಾಪದವು 'ಆಗು' ಎಂಬರ್ಥದ್ದು. ಮಾರ್ಪಡದವನು 'ಆದನು' ಎಂದರೆ ಮಾರ್ಪಟ್ಟಂತಾಯಿತಲ್ಲವೆ ಎಂಬುದೇ ಕಾಲ್ಸಿಡನ್ನಿನ ತನಕ ನಡೆದ ವಾದಗಳ ಬೇರು. ಕನ್ನಡದ ಹಳೆಯ ಭಾಷಾಂತರವು 'ನರಾವತಾರ'ವೆಂಬ ಮಾತನ್ನಿಟ್ಟು ಈ ತೊಡಕನ್ನು ದಾಟಿತು. ಅವತಾರವೆಂದರೆ ಇಳಿದುಬರುವುದು, ಇಳಿದವನು ಬೇರೆಯಾಗುವುದಿಲ್ಲ. ಆದರೆ ಅವತಾರಗಳು ಹಲವು. ಒಂದನ್ನು ಮುಗಿಸಿ ಇನ್ನೊಂದನ್ನು ಎತ್ತಬಹುದು. ಯೋಹಾನನ ಅಭಿಪ್ರಾಯವು ಅದಲ್ಲ.

'ಆಗು' ಧಾತುವಿಗೆ ಕನ್ನಡದಲ್ಲಿ ಎರಡು ನಡೆಗಳುಂಟು. ಹಾಲು ಮೊಸರಾಯಿತೆಂಬಲ್ಲಿ ಹಾಲು ಉಳಿಯಲಿಲ್ಲ; ಇದು ಪರಿಣಾಮ. ಅವನು ತಂದೆಯಾದನು, ಅವಳು ಸೊಸೆಯಾಗಿ ಬಂದಳು ಎಂಬಲ್ಲಿ ಆದವರು ಹಿಂದಿನವರೇ, ಹೊಸದಾದದ್ದು ಸಂಬಂಧ. ಸೊಸೆಯಾದವಳು ತಾನಲ್ಲದವಳಾಗುವುದಿಲ್ಲ, ಆದರೂ ಆ ಮನೆಯ ಸುಖದುಃಖಗಳು ಅಂದಿನಿಂದ ಅವಳವು. ಗ್ರೀಕ್ ಪಂಡಿತರು ನೂರಾರು ವರ್ಷ ತರ್ಕಿಸಿ 'ವಿಕಾರವಿಲ್ಲದೆ' ಎಂದು ಸೇರಿಸಬೇಕಾದದ್ದನ್ನು ಕನ್ನಡದ ಗೃಹಿಣಿಯು 'ಆಗು' ಎಂಬ ಒಂದು ಮಾತಿನಿಂದ ದಿನವೂ ಹೇಳುತ್ತಿದ್ದಾಳೆ. ಈ ಎರಡನೆಯ ನಡೆಯನ್ನು ನಂಬಿದ್ದರೆ ಅವತಾರಶಬ್ದದ ನೆರವು ಬೇಕಾಗುತ್ತಿರಲಿಲ್ಲವೆಂದು ನಮ್ಮ ಅಭಿಪ್ರಾಯ.

೮

ಕೊನೆಗೆ, ಮೊದಲೇ ಸೂಚಿಸಿದ ಶಂಕೆಯನ್ನು ಎತ್ತಿಕೊಳ್ಳಬೇಕು. ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಯು ಕಡಮೆ. ಬರವು ಮತ್ತೆ ಮತ್ತೆ ಬರುವ ನಂಟ. ೧೮೭೬–೭೮ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ನಷ್ಟವಾಯಿತು. ಇಂಥ ನಾಡಿನಲ್ಲಿ ದೇವರು ಮುನಿಯುತ್ತಾನೆ, ಒಲಿಯುತ್ತಾನೆ ಎಂಬುದು ಜನರ ಸಹಜಭಾಷೆ. ಮಧುಗಿರಿಯ ದಂಡಿನ ಮಾರಮ್ಮನಿಗೆ ಹರಕೆ ಹೊರುವವರ ಭಾಷೆಯೂ ಅದೇ. ಮುನಿದವಳು ಒಲಿಯಬಲ್ಲಳೆಂಬುದರಲ್ಲಿಯೇ ಹರಕೆಯ ಆಸೆಯಿದೆ. ಹಾಗಾದರೆ ಮಾರ್ಪಡದ ದೇವರ ಮುಂದೆ ಮಳೆಗಾಗಿ ಮೊಣಕಾಲೂರುವ ಕ್ರೈಸ್ತ ರೈತನು ಏನನ್ನು ಬೇಡುತ್ತಿದ್ದಾನೆ? ಆತನು ಮಾರ್ಪಡನೆಂದ ಮೇಲೆ ಬೇಡಿಕೆಯು ವ್ಯರ್ಥವಲ್ಲವೆ?

ಅಕ್ವೈನಸನ ಸಮಾಧಾನವು ಹೀಗಿದೆ: ಪ್ರಾರ್ಥನೆಯು ದೇವರ ಸಂಕಲ್ಪವನ್ನು ಬದಲಿಸುವುದಕ್ಕಲ್ಲ, ಪ್ರಾರ್ಥನೆಯ ಮೂಲಕವೇ ದೊರೆಯಬೇಕೆಂದು ಆತನು ಸಂಕಲ್ಪಿಸಿರುವುದನ್ನು ಪಡೆಯುವುದಕ್ಕೆ. ತರ್ಕವು ನಿರ್ದುಷ್ಟವಾಗಿದೆ, ಆದರೆ ಬತ್ತಿದ ಕೆರೆಯ ಏರಿಯ ಮೇಲೆ ನಿಂತವನಿಗೆ ಅದು ಸಾಲದು. ಇದಕ್ಕಿಂತ ಆಳವಾದ ಉತ್ತರವು ಯೋನನ ಗ್ರಂಥದಲ್ಲಿದೆ. ನಿನೆವೆ ಪಟ್ಟಣವು ನಾಶವಾಗುವುದೆಂದು ಸಾರಲು ಹೋದ ಪ್ರವಾದಿಯು, ಜನರು ತಿರುಗಿಕೊಂಡದ್ದರಿಂದ ದೇವರು ದಂಡನೆಯನ್ನು ತಡೆದಾಗ ಸಿಟ್ಟಾಗುತ್ತಾನೆ. ಅವನ ದೂರೇನು? ದೇವರು ಬದಲಾದನೆಂಬುದಲ್ಲ, ಆತನು ದಯಾಳುವೆಂಬುದು ತನಗೆ ಮೊದಲೇ ಗೊತ್ತಿತ್ತು, ಹೀಗಾಗುವುದೆಂದು ಹೆದರಿಯೇ ತಾನು ಓಡಿಹೋದೆನು ಎಂಬುದು. ತೀರ್ಪು ಬದಲಾಯಿತು, ತೀರ್ಪುಗಾರನ ಸ್ವಭಾವವು ಬದಲಾಗಲಿಲ್ಲ. ಸ್ವಭಾವವು ಬದಲಾಗದೆ ಇದ್ದುದರಿಂದಲೇ ತೀರ್ಪು ಬದಲಾಯಿತು. ಈ ದೃಷ್ಟಿಯಿಂದ ನೋಡಿದರೆ ಮಾರ್ಪಡದವನನ್ನು ಬೇಡುವುದೇ ಅರ್ಥವುಳ್ಳದ್ದು. ಇಂದು ಕೇಳಿ ನಾಳೆ ಕಿವಿಮುಚ್ಚಿಕೊಳ್ಳುವವನನ್ನು ಬೇಡುವುದರಲ್ಲಿ ಭರವಸೆಯೇನು?

ಪಾಶ್ಚಾತ್ಯ ಮತಶಾಸ್ತ್ರಜ್ಞರೂ ಈಚಿನ ಕಾಲದಲ್ಲಿ ಇದೇ ದಿಕ್ಕಿಗೆ ತಿರುಗಿದ್ದಾರೆ. ಕಾರ್ಲ್ ಬಾರ್ತರು ೧೯೪೦ರಲ್ಲಿ ಪ್ರಕಟವಾದ ಸಂಪುಟದಲ್ಲಿ ಅವಿಕಾರತ್ವವೆಂಬ ಹಳೆಯ ಪದವನ್ನು ಶಂಕಿಸಿ, ಸ್ಥೈರ್ಯವೆಂಬ ಅರ್ಥದ ಜರ್ಮನ್ ಪದವನ್ನು ಆರಿಸಿಕೊಂಡರು. ಜಪಾನಿನ ಕಿತಾಮೊರಿಯವರು ೧೯೪೬ರಲ್ಲಿ ದೇವರ ನೋವನ್ನೇ ಮತಶಾಸ್ತ್ರದ ನಡುವಿನಲ್ಲಿಟ್ಟರು. ಜರ್ಮನಿಯ ಮೋಲ್ಟ್‌ಮನ್ನರು ೧೯೭೨ರಲ್ಲಿ ಶಿಲುಬೆಯ ದೇವರನ್ನು ಕುರಿತು ಬರೆಯುವಾಗ ನೋವರಿಯದ ದೇವರೆಂಬ ಗ್ರೀಕ್ ಕಲ್ಪನೆಯನ್ನು ತೀವ್ರವಾಗಿ ಖಂಡಿಸಿದರು. ಇವರೆಲ್ಲರ ಮತವನ್ನು ಒಪ್ಪಲೇಬೇಕೆಂದಿಲ್ಲ. ನೋಯುವವನು ನೋವಿಗೆ ವಶನಾಗನೆಂಬ ಭರವಸೆಯನ್ನು ಹಳೆಯ ಶಾಸ್ತ್ರವು ಕಾಪಾಡುತ್ತಿತ್ತು; ಅದನ್ನು ಪೂರ್ತಿಯಾಗಿ ಬಿಟ್ಟರೆ ರೋಗಿಯ ಪಕ್ಕದಲ್ಲಿ ಇನ್ನೊಬ್ಬ ರೋಗಿಯನ್ನು ಮಲಗಿಸಿದಂತಾದೀತು.

ಮೇಲಿನ ವಿಚಾರದಿಂದ ಫಲಿಸುವುದನ್ನು ಹೀಗೆ ಸಂಗ್ರಹಿಸಬಹುದು. ಶಾಸ್ತ್ರನಿರೂಪಣೆಯಲ್ಲಿ 'ನಿರ್ವಿಕಾರ'ವು ಇರಲಿ. ಆದರೆ ಅದರ ಜೊತೆಗೆ ಸತ್ಯಸಂಧತೆಯನ್ನು ಹೇಳುವ ಮಾತು ತಪ್ಪದೆ ಇರಲಿ. ವೇದಪಾಠದಲ್ಲಿಯೂ ಪ್ರಾರ್ಥನೆಯಲ್ಲಿಯೂ 'ಮಾರ್ಪಡದ', 'ಕುಸಿಯದ', 'ನುಡಿತಪ್ಪದ' ಎಂಬ ದೇಶ್ಯಪದಗಳಿಗೆ ಅಗ್ರಸ್ಥಾನವು ಸಲ್ಲಲಿ. ದೇವರ ನೋವನ್ನು ಹೇಳುವಲ್ಲಿ 'ಪಶ್ಚಾತ್ತಾಪ'ವನ್ನು ಮುಂದಿನ ಪರಿಷ್ಕರ್ತರು ಮರುವಿಮರ್ಶೆಗೆ ತರಲಿ. ಆದರೆ ಸಮುವೇಲನ ಗ್ರಂಥದ ಗಂಟನ್ನು ಮಾತ್ರ ಜಾಣತನದಿಂದ ಮರೆಮಾಡದಿರಲಿ. ಬಂಡೆಯಿದ್ದಲ್ಲಿ ಬಂಡೆಯನ್ನೇ ಉಳಿಸಲಿ. ಗ್ರೀಕರಂತೆ ನಾವು ಅದಕ್ಕೆ ನಾಚಿಕೊಳ್ಳಬೇಕಾದ ಕಾರಣವಿಲ್ಲ. ಮಧುಗಿರಿಯ ಬೆಟ್ಟದ ಬುಡದಲ್ಲಿ ಬಾಳುವ ಕನ್ನಡಿಗನಿಗೆ ಆ ಮಾತಿಗೆ ಟೀಕೆಯೇ ಬೇಕಾಗಿಲ್ಲ. ಇಲ್ಲಿ ಹೇಳಿದ್ದರಲ್ಲಿ ತಪ್ಪುಗಳಿದ್ದರೆ ಹೀಬ್ರೂ ಗ್ರೀಕ್ ಭಾಷೆಗಳನ್ನು ಬಲ್ಲ ಕನ್ನಡ ವಿದ್ವಾಂಸರು ತಿದ್ದಬೇಕೆಂದು ಪ್ರಾರ್ಥಿಸುತ್ತೇವೆ.